ಒಂದೇ ಹೆಸರಿನ ಹಲಗೆ

ಅಳತೆ ತೆಗೆಯುತ್ತಿದ್ದ ದರ್ಜಿಯಮ್ಮ ಗಿರಾಕಿಯ ಪೈಲಟ್ ಸಮವಸ್ತ್ರದ ಎದೆಯ ಮೇಲಿದ್ದ ಹೆಸರು ಓದಿ ಟೇಪು ಕೈಬಿಟ್ಟಳು. ಅದು ಅವಳದೇ ಹೆಸರು! “ಅಯ್ಯೋ, ಪೈಲಟ್ ಮೇಡಂ ನೀವೇನಾ? ನೋಡಿ, ನಮ್ಮ ಹಲಗೆ ಮೇಲೇ ಇದೀರಿ!”

ಗೋಡೆಯ ಹಲಗೆಗೆ ಅವಳು ತನ್ನದೇ ಹೆಸರಿನವರ ಪತ್ರಿಕೆ ತುಣುಕುಗಳನ್ನು ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದಳು: ಪೈಲಟ್, ಜಡ್ಜು, ಚೆಸ್ ಗೆದ್ದವಳು, ಖೋಟಾ ನೋಟಿನವಳು ಕೂಡ. “ಕಳ್ಳಿಯೂ ಪೇಪರಲ್ಲಿ ಬಂದ್ಲು, ನಮ್ಮತ್ತಿಗೆ ಮಾತ್ರ ಬರ್ಲಿಲ್ಲ,” ಕಾಜಾ ಹೊಲಿಯುತ್ತಿದ್ದ ನಾದಿನಿ ಎಂದಿನಂತೆ ಛೇಡಿಸಿದಳು.

ಪೈಲಟ್ ಪರ್ಸಿನಿಂದ ಮಡಿಸಿದ ತುಣುಕೊಂದನ್ನು ತೆಗೆದಳು. “ಈ ಹುಚ್ಚು ನನಗೂ ಇದೆ. ಇದು ನೀವೇ ತಾನೆ? ಹುಡುಕ್ಕೊಂಡೇ ಬಂದೆ.” ಹಾಸ್ಟೆಲ್ ಬೆಂಕಿಯಲ್ಲಿ ಬಟ್ಟೆ ಕಳೆದುಕೊಂಡ ಅರವತ್ತು ಮಕ್ಕಳಿಗೆ ಮೂರೇ ದಿನದಲ್ಲಿ ಸಮವಸ್ತ್ರ ಹೊಲಿದುಕೊಟ್ಟ ದರ್ಜಿಯ ಬಗ್ಗೆ ಎರಡು ಸಾಲು. ದರ್ಜಿಯಮ್ಮ ಅದನ್ನು ನೋಡಿಯೇ ಇರಲಿಲ್ಲ.

ಅವಳು ಓದಿ ಮುಗಿಸುವ ಮೊದಲೇ ನಾದಿನಿ ಗುಂಡುಸೂಜಿ ಹಿಡಿದು ಸ್ಟೂಲು ಹತ್ತಿದ್ದಳು. “ಕೊಡಿ ಅತ್ತಿಗೆ ಇಲ್ಲಿ! ಜಡ್ಜಮ್ಮ ಒಂಚೂರು ಪಕ್ಕಕ್ಕೆ ಸರೀಲಿ.”