ಕೈಕೊಡದ ಗುಂಡು

ಏಳನೆಯ ಗುಂಡು ಸಿಕ್ಕಿಹಾಕಿಕೊಂಡಿತು. ಗಿರಾಕಿ ಬೈಯಲಿಲ್ಲ. ಪಿಸ್ತೂಲಿನಿಂದ ಅದನ್ನು ಬಿಡಿಸಿ ಮೇಜಿನ ಮೇಲಿಟ್ಟ.

"ಇದು ಬೇಡ ಅಕ್ಕ. ಬೇರೆ ಕೊಡಿ."

ಬಂದೂಕಿನ ಅಂಗಡಿಯ ಹಿಂದುಗಡೆ, ಮರಳಿನ ಚೀಲ ಪೇರಿಸಿದ ಉದ್ದನೆಯ ಕೋಣೆಯಲ್ಲಿ ಅವನು ಒಂದು ಗಂಟೆಯಿಂದ ಗುಂಡು ಹಾರಿಸುತ್ತಿದ್ದ. ಗುಂಡು ಎಲ್ಲಿ ತಗುಲಿತೆಂದು ಒಮ್ಮೆಯೂ ನೋಡಿರಲಿಲ್ಲ. ಒಂದು ಹಾರಬೇಕು, ಖಾಲಿ ಚಿಪ್ಪು ಹೊರಬೀಳಬೇಕು, ಮುಂದಿನದು ತಾನಾಗಿ ಒಳಗೆ ಹೋಗಿ ಕೂರಬೇಕು. ನಡುವೆ ಎಲ್ಲೂ ಎಡವಬಾರದು. ಅವನಿಗೆ ಬೇಕಾಗಿದ್ದುದು ಅಷ್ಟೇ.

ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಒಬ್ಬಳೇ ಈ ವ್ಯಾಪಾರ ನಡೆಸಿದ ಹೆಂಗಸು ಅವಳು. ಎಲ್ಲರಿಗೂ ಅಂಗಡಿಯಕ್ಕ. ಬೇಟೆಯವರು, ಪಂದ್ಯದವರು, ಬರೀ ಜಂಬಕ್ಕೆ ಕೊಳ್ಳುವವರು, ಎಲ್ಲರನ್ನೂ ಕಂಡವಳು. ಇವನು ಯಾವ ಗುಂಪಿಗೂ ಸೇರುತ್ತಿರಲಿಲ್ಲ. ಕ್ಷೌರ ಕಾಣದ ಮುಖ, ನಿದ್ದೆ ಕಾಣದ ಕಣ್ಣು. ಹೊರಗೆ ಗಾಡಿ ನಿಂತರೆ ಸಾಕು, ತಿರುಗಿ ಬಾಗಿಲು ನೋಡುತ್ತಿದ್ದ.

"ಪಂದ್ಯಕ್ಕಾ?" ಎಂದಳು.

"ಅಲ್ಲ. ಒಂದೇ ಸಲಕ್ಕೆ ಬೇಕು. ಆಗ ಹಾರಲೇಬೇಕು. ಎರಡನೇ ಅವಕಾಶ ಸಿಗಲ್ಲ."

ಲೈಸೆನ್ಸನ್ನು ಮತ್ತೊಮ್ಮೆ ನೋಡಿದಳು. ನಿವೃತ್ತ ಸೈನಿಕ. ಮೊಹರು, ಸಹಿ, ತಾರೀಖು, ಒಂದರಲ್ಲೂ ತಪ್ಪಿಲ್ಲ.

ಆರು ವರ್ಷದ ಹಿಂದಿನ ಆ ಗಿರಾಕಿಯದ್ದೂ ಹೀಗೇ ಸರಿಯಾಗಿತ್ತು. ನಗುನಗುತ್ತಾ ಬಂದು, ಒಂದು ಪೆಟ್ಟಿಗೆ ಗುಂಡು ಕೊಂಡು, ಅದೇ ವಾರ ಹೆಂಡತಿಯನ್ನು ಕೊಂದಿದ್ದ. "ಅವನ ಮುಖ ನೋಡಿ ನಿಮಗೆ ಏನೂ ಅನ್ನಿಸಲಿಲ್ಲವೇ?" ಎಂದು ವಕೀಲರು ಕೋರ್ಟಿನಲ್ಲಿ ಕೇಳಿದ್ದರು. ಅಂದಿನಿಂದ ಅವಳಿಗೆ ನೆಟ್ಟಗೆ ನಿದ್ದೆ ಇರಲಿಲ್ಲ.

ಅವಳ ಫೋನು ಬಡಿದುಕೊಂಡಿತು. ಮಗಳು.

"ಅಮ್ಮ, ಈ ವಾರ ಮನೆ ಕಡೆ ಬರಬೇಡ. ಕೆಲಸ ಜಾಸ್ತಿ ಇದೆ."

"ಪುಟ್ಟಿನ ನೋಡಿ ತಿಂಗಳಾಯ್ತಲ್ಲೇ."

"ನಾನೇ ಕರ್ಕೊಂಡು ಬರ್ತೀನಿ. ನೀನು ಬರಬೇಡ ಅಷ್ಟೆ."

ಫೋನಿಟ್ಟಳು. ಮಗಳು ನ್ಯಾಯಾಧೀಶೆ. ಗುಂಡು ಮಾರುವ ತಾಯಿ ಗೇಟು ದಾಟಿ ಬಂದರೆ ಯಾರಾದರೂ ನೋಡಿಯಾರೆಂಬ ಮುಜುಗರವಿರಬೇಕು. ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಅವನೂ ಫೋನಿನಲ್ಲಿ ಯಾರೊಂದಿಗೋ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಅವಳು ಕಪಾಟಿನ ಮರೆಯಲ್ಲೇ ನಿಂತಳು.

"ಆ ಹೆಂಗಸೂ ಮಗೂನೂ, ಇಬ್ಬರೇನಾ ಮನೇಲಿ? ಗಂಡ ಊರಲ್ಲಿಲ್ಲ ತಾನೆ? ಹಿಂದಿನ ಬಾಗಿಲಿಗೆ ಚಿಲಕ ಎಂಥದ್ದು? ಸರಿ, ಸಾಯಂಕಾಲದೊಳಗೆ ಅಲ್ಲಿರ್ತೀನಿ. ಈಗಲೇ ಅವರಿಗೆ ಏನೂ ಹೇಳಬೇಡಿ, ಹೆದರ್ಕೋತಾರೆ."

ಅವಳು ಸದ್ದಾಗದಂತೆ ಅಂಗಡಿಯ ಮುಂಭಾಗಕ್ಕೆ ಬಂದಳು.

ಪೊಲೀಸ್ ಠಾಣೆಗೆ ಫೋನು ಮಾಡಿದಳು. "ಲೈಸೆನ್ಸ್ ಸರಿ ಇದೆಯಾ? ಹಾಗಾದ್ರೆ ನಾವೇನು ಮಾಡಕ್ಕಾಗುತ್ತಮ್ಮ?" ಎಂದು ಅತ್ತ ಕಡೆಯವನು ಆಕಳಿಸಿದ.

ಮಾರುವುದಿಲ್ಲ ಎಂದರೆ? ಇನ್ನೆರಡು ಬೀದಿ ದಾಟಿದರೆ ಇನ್ನೊಂದು ಅಂಗಡಿ. ಅಲ್ಲಿ ಮುಖ ನೋಡುವವರಿಲ್ಲ.

ಒಳಗಿನಿಂದ, ಅವಳು ಬದಲಿಗೆ ಕೊಟ್ಟಿದ್ದ ಗುಂಡುಗಳ ಸದ್ದು ಒಂದರ ಹಿಂದೊಂದು ಬಂತು. ಐವತ್ತು. ಒಂದೂ ಎಡವಲಿಲ್ಲ.

ಅವನು ಹೊರಗೆ ಬಂದಾಗ ಮೊದಲ ಸಲ ಮುಖ ಸಡಿಲಾಗಿತ್ತು. "ಇದೇ ಅಕ್ಕ. ದುಂಡು ಮೂತಿಯದ್ದು. ಇದನ್ನ ಕಣ್ಣು ಮುಚ್ಚಿ ನಂಬಬಹುದು. ಒಂದು ಪೆಟ್ಟಿಗೆ ಕಟ್ಟಿಕೊಡಿ."

ಅದೇ ಬಗೆಯ ಇನ್ನೊಂದು ಪೆಟ್ಟಿಗೆ ಕೆಳಗಿನ ಕಪಾಟಿನಲ್ಲಿತ್ತು. ಗೋದಾಮಿನಲ್ಲಿ ಪೈಪು ಒಡೆದು ವಾರವಿಡೀ ನೀರಿನಲ್ಲಿ ನೆಂದು, ಮದ್ದು ಸತ್ತು, ಕಂಪನಿಗೆ ವಾಪಸು ಹೋಗಬೇಕಾಗಿದ್ದ ಸರಕು. ಒರೆಸಿಟ್ಟ ಮೇಲೆ ಹೊರಗಿನಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಬಗ್ಗಿದಳು. ಹೊಸ ರಟ್ಟಿನ ಪೆಟ್ಟಿಗೆಯೊಳಗೆ ಸತ್ತ ಗುಂಡುಗಳನ್ನು ಜೋಡಿಸಿ, ಕಾಗದ ಸುತ್ತಿ, ದಾರ ಕಟ್ಟಿದಳು.

"ಒಳ್ಳೇ ಕೆಲಸಕ್ಕೆ ಬಳಸಿ," ಎಂದಳು, ಅವನ ಕಣ್ಣಲ್ಲಿ ಕಣ್ಣಿಟ್ಟು.

"ಬಳಸೋ ಪ್ರಸಂಗವೇ ಬರದಿರಲಿ ಅಕ್ಕ," ಎಂದ ಅವನು.

ಎಂಥ ನಾಟಕ, ಎಂದುಕೊಂಡಳು. ಅವನು ರಸ್ತೆ ದಾಟಿ ಮರೆಯಾಗುವವರೆಗೂ ನೋಡುತ್ತಾ ನಿಂತಳು. ಯಾವುದೋ ಮನೆಯಲ್ಲಿ ಯಾವುದೋ ತಾಯಿ, ಯಾವುದೋ ಮಗು ಇವತ್ತು ಬದುಕಿಕೊಂಡರು. ಅವರಿಗೆ ಇವಳು ಯಾರೆಂದು ಎಂದಿಗೂ ತಿಳಿಯದು. ತಿಳಿಯುವುದೂ ಬೇಡ. ಆರು ವರ್ಷಗಳಲ್ಲಿ ಮೊದಲ ಬಾರಿಗೆ ಆ ರಾತ್ರಿ ಅವಳಿಗೆ ಗಾಢ ನಿದ್ದೆ ಹತ್ತಿತು.

ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ಅರ್ಧ ಎತ್ತಿದ್ದಳು. ಮಗಳ ಫೋನು ಬಂತು.

"ಅಮ್ಮ, ನಾನೂ ಪುಟ್ಟೀನೂ ಚೆನ್ನಾಗಿದ್ದೀವಿ. ಮೊದಲು ಅದನ್ನ ಕೇಳಿಸ್ಕೋ."

"ಏನೇ? ಏನಾಯ್ತು?"

"ಒಂದು ಕೊಲೆ ಕೇಸು ನನ್ನ ಮುಂದಿದೆ. ಹದಿನೈದು ದಿನದಿಂದ ಬೆದರಿಕೆ ಬರ್ತಿತ್ತು. ನೀನು ಗಾಬರಿ ಆಗ್ತೀಯ ಅಂತ ಹೇಳಲಿಲ್ಲ, ಅದಕ್ಕೇ ಬರಬೇಡ ಅಂದಿದ್ದು. ನಮ್ಮನೆಯವರೂ ಊರಲ್ಲಿಲ್ಲ. ನಿನ್ನೆ ಸಾಯಂಕಾಲ ಕಾವಲಿಗೆ ಅಂತ ಒಬ್ಬರು ಬಂದ್ರು." ಮಗಳ ದನಿ ಒಡೆಯಿತು. "ಬೆಳಗಿನ ಜಾವ ಹಿಂದಿನ ಬಾಗಿಲು ಮುರಿದು ಇಬ್ಬರು ಮಚ್ಚು ಹಿಡಿದು ನುಗ್ಗಿಬಿಟ್ರು ಅಮ್ಮ. ಕಾವಲಿನವರ ಪಿಸ್ತೂಲು ಹಾರಲೇ ಇಲ್ಲ. ಮತ್ತೆ ಮತ್ತೆ ಒತ್ತಿದ್ರು, ಹಾರಲಿಲ್ಲ. ಕೊನೆಗೆ ಬರೀ ಮೈ ಅಡ್ಡ ಕೊಟ್ಟು ನಿಂತ್ರು, ಪೊಲೀಸರು ಬರೋವರೆಗೂ."

ಅಂಗಡಿಯಕ್ಕ ಎತ್ತಿದ್ದ ಬಾಗಿಲು ಕೈಜಾರಿ ಕೆಳಗೆ ಬಿತ್ತು. "ಅವರು... ಈಗ?"

"ಆಸ್ಪತ್ರೆ ದಾರೀಲೇ ಹೋಗ್ಬಿಟ್ರು. ಕೊನೇವರೆಗೂ ನನ್ನ ಕೈ ಹಿಡ್ಕೊಂಡು ಒಂದೇ ಮಾತು ಹೇಳ್ತಿದ್ರು ಅಮ್ಮ, ‘ಗುಂಡಿನ ತಪ್ಪಲ್ಲ ಮೇಡಂ, ಅಂಗಡಿಯಕ್ಕ ಒಳ್ಳೇದನ್ನೇ ಕೊಟ್ಟಿದ್ರು, ನನ್ನ ಪಿಸ್ತೂಲೇ ಕೈಕೊಡ್ತು’ ಅಂತ."