ಮಂಪರು ಬಾರದ ಮಾತ್ರೆ

ತಂಗಿ ಫೋನ್ ಹಿಡಿದು ವರಾಂಡಕ್ಕೆ ಹೋದದ್ದೇ ತಡ, ಅಕ್ಕ ನೀಲಿ ದೀಪಕ್ಕೂ ಅಮ್ಮನ ಮೊಣಕಾಲಿಗೂ ನಡುವೆ ತನ್ನ ಎಡಗೈ ಅಡ್ಡ ಹಿಡಿದಳು. ಅಮ್ಮ ಕಣ್ಣು ಮುಚ್ಚಿ ಮಲಗಿದ್ದಳು.

ನರ್ಸ್ ಆಗಿರುವ ತಂಗಿ ಅಮ್ಮನ ಮೊಣಕಾಲು ನೋವಿಗೆ ಈ ದೀಪವನ್ನೂ ಹೊಸ ಮಾತ್ರೆಯನ್ನೂ ತಂದು ನಾಲ್ಕು ದಿನವಾಗಿತ್ತು. "ಮಾತ್ರೆ ಮೈಯೆಲ್ಲ ಓಡಾಡಿದ್ರೂ ಬೆಳಕು ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತೆ ಕಣೇ ಅಕ್ಕ. ಹಳೇದರ ಹಾಗೆ ಮಂಪರು ಬರಲ್ಲ" ಅಂದಿದ್ದಳು. ಆ ಹಳೇ ಮಂಪರಿನ ಆರು ವರ್ಷವೂ ಅಮ್ಮನ ಕಾಲು ತಿಕ್ಕಿದ್ದು, ಬಟ್ಟೆ ಬದಲಿಸಿದ್ದು ಅಕ್ಕ. ಅಮ್ಮ ತೊದಲುತ್ತ ಕರೆಯುತ್ತಿದ್ದದ್ದು ಮಾತ್ರ ತಂಗಿಯ ಹೆಸರು. ಈಗಂತೂ ಎದ್ದು ಕೂತು, ಬಂದವರಿಗೆಲ್ಲ "ನನ್ನ ಚಿಕ್ಕೋಳು ನನ್ನನ್ನ ಮತ್ತೆ ಮನುಷ್ಯಳನ್ನಾಗಿ ಮಾಡಿದ್ಳು" ಅನ್ನುತ್ತಿದ್ದಳು. ಕೇಳಿದಾಗಲೆಲ್ಲ ಅಕ್ಕ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಇವತ್ತೊಂದು ದಿನ ನೋವು ಇಳಿಯದಿರಲಿ. ಸಂಜೆ ಅಮ್ಮ ನರಳಿ, "ಈ ದೀಪ ಸಾಕು, ನೀನೇ ಬಂದು ತಿಕ್ಕು" ಅಂತ ತನ್ನನ್ನೇ ಕರೆಯಲಿ. ಬೆಳಕೆಲ್ಲ ಅಕ್ಕನ ಅಂಗೈ ಮೇಲೇ ನಿಂತಿತ್ತು. ಸಿಕ್ಕಿಬೀಳುವ ಭಯ ಅವಳಿಗಿರಲಿಲ್ಲ. ಮಾತ್ರೆ ನುಂಗಿ ಕಣ್ಣು ಮುಚ್ಚಿದ ಅಮ್ಮನಿಗೆ ಲೋಕದ ಪರಿವೆ ಇರುವುದಿಲ್ಲ ಅನ್ನುವುದು ಆರು ವರ್ಷದ ರೂಢಿ. ಈ ಹೊಸ ಮಾತ್ರೆಗೆ ಮಂಪರು ಬರುವುದಿಲ್ಲ ಅನ್ನುವುದೇ ಅವಳಿಗೆ ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ತಲೆ ಎತ್ತಿದಾಗ ಅಮ್ಮ ಕಣ್ಣು ಬಿಟ್ಟುಕೊಂಡು ಅವಳ ಕೈಯನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ನಿದ್ದೆಯ ಸುಳಿವೂ ಇರಲಿಲ್ಲ.

"ದೊಡ್ಡೋಳೇ," ಅಂದಳು ಮೆಲ್ಲಗೆ, "ನಿಂಗೆ ಯಾವಾಗಿಂದ ನೋವು?"