ಅರವತ್ತೆರಡು ಮೆಟ್ಟಿಲು

ಮೂರನೇ ಸಲವೂ ನಕ್ಷೆಯ ಮೇಲೆ ಯಾರೋ ಕೈಯಾಡಿಸಿದ್ದರು.

ಸಮುದಾಯ ಕಾಲೇಜಿನ ಹಳೆಯ ಕಟ್ಟಡವನ್ನು ನವೀಕರಿಸುವ ಕೆಲಸ ಎಂಜಿನಿಯರಮ್ಮನ ಪಾಲಿಗೆ ಬಂದು ಎರಡು ತಿಂಗಳಾಗಿತ್ತು. ಎಲ್ಲರೂ ನೋಡಿ ಸಲಹೆ ಕೊಡಲಿ ಎಂದು ಆಕೆ ನಕ್ಷೆಯನ್ನು ಕಾರಿಡಾರಿನ ಗೋಡೆಗೆ ಅಂಟಿಸಿದ್ದಳು. ಬಂದ ಸಲಹೆಗಳು ಅಷ್ಟಕ್ಕಷ್ಟೆ. ಕ್ಯಾಂಟೀನು ದೊಡ್ಡದಾಗಲಿ ಎಂದು ಹದಿನಾರು ಮಂದಿ ಬರೆದಿದ್ದರು. ಗಣಿತದ ತರಗತಿಯನ್ನು ಮೊದಲು ಕೆಡವಿ ಎಂದು ಒಬ್ಬ. ಇವುಗಳ ನಡುವೆ ಪೆನ್ಸಿಲ್ಲಿನ ದುಂಡನೆಯ ಅಕ್ಷರಗಳು: 'ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆದರೆ ಗಾಲಿಕುರ್ಚಿ ತಿರುಗುವುದಿಲ್ಲ.' 'ಸ್ವಿಚ್ಚು ಇನ್ನೂ ಒಂದಡಿ ಕೆಳಗೆ.' ಮೂರನೇ ಮಹಡಿಯ ಗಡಿಯಾರ ರಿಪೇರಿ ತರಗತಿಯ ಪಕ್ಕದಲ್ಲಿ: 'ಇಲ್ಲಿಗೆ ಲಿಫ್ಟ್ ಬೇಕು.'

ಆಕೆ ಟೇಪು ಹಿಡಿದು ನೋಡಿದಳು. ಒಂದೂ ತಪ್ಪಿರಲಿಲ್ಲ. ತನಗೇ ಹೊಳೆಯಬೇಕಿದ್ದದ್ದನ್ನು ಬೇರೆ ಯಾರೋ ಹೇಳಿದರಲ್ಲ ಎಂದು ಮುಖ ಚಿಕ್ಕದಾಯಿತು.

ಮರುದಿನ ಬೆಳಿಗ್ಗೆ ಬೇಗನೆ ಬಂದವಳಿಗೆ ಆಸಾಮಿ ಸಿಕ್ಕಿಬಿದ್ದರು. ಹಿರಿಯ ಗುಮಾಸ್ತರು. ಕನ್ನಡಕವನ್ನು ಹಣೆಗೇರಿಸಿ, ಪೆನ್ಸಿಲ್ಲು ಹಿಡಿದು ನಕ್ಷೆಗೆ ಮೂಗು ತಾಗಿಸಿಕೊಂಡು ನಿಂತಿದ್ದರು. ಸಿಬ್ಬಂದಿಯ ಬಾಯಲ್ಲಿ ಇವರು 'ರೂಲ್ಸಪ್ಪ'. ಕಾಗದದಲ್ಲಿ ಒಂದು ಚುಕ್ಕೆ ತಪ್ಪಿದರೂ ಹಿಂದಕ್ಕೆ ಕಳಿಸುವ ಮನುಷ್ಯ.

"ಇದೆಲ್ಲ ನಿಮಗೆ ಹೇಗೆ ಗೊತ್ತು ಸರ್?"

"ಒಬ್ಬ ಹುಡುಗಿ ಬರೆದುಕೊಟ್ಟಿದ್ದಾಳಮ್ಮ, ಏನೇನು ಬೇಕು ಅಂತ."

"ಮನೆಯವಳಾ?"

ಅವರು ಕನ್ನಡಕ ಒರೆಸುತ್ತ ನಿಂತರು. "ಗಡಿಯಾರ ರಿಪೇರಿ ಕಲೀಬೇಕು ಅಂತ ಅವಳಿಗೆ ಬಹಳ ಆಸೆ. ಕೂತೇ ಮಾಡೋ ಕೆಲಸ. ಕಲಿಯೋದಕ್ಕೆ ಮಾತ್ರ ಅರವತ್ತೆರಡು ಮೆಟ್ಟಿಲು ಹತ್ತಬೇಕು."

ಮಗಳ ವಿಷಯಕ್ಕೆ ಬಂದರೆ ರೂಲ್ಸಪ್ಪನೂ ಕರಗುತ್ತಾನೆ ಎಂದುಕೊಂಡ ಎಂಜಿನಿಯರಮ್ಮನ ಮನಸ್ಸು ಮೆತ್ತಗಾಯಿತು.

"ಒಂದು ದಿನ ಕರ್ಕೊಂಡು ಬನ್ನಿ. ಅವಳ ಕೈ ಎಲ್ಲಿವರೆಗೆ ಎಟಕುತ್ತೆ ಅಂತ ನೋಡ್ಕೋತೀನಿ."

"ಮೂರು ಸಲ ಬಂದಿದ್ದಳು. ಮೆಟ್ಟಿಲ ಹತ್ತಿರದಿಂದಲೇ ವಾಪಸು ಹೋದಳು. ಈಗ ಬರಲ್ಲ."

"ಮುನಿಸಾ?"

"ಮುನಿಸಿಕೊಳ್ಳೋ ಪೈಕಿ ಅಲ್ಲ ಅವಳು."

ವಾರ ಕಳೆಯುವುದರೊಳಗೆ ಅವರು ಒಂದು ಚೀಟಿ ತಂದುಕೊಟ್ಟರು. ಗಾಲಿಕುರ್ಚಿಯ ಅಗಲ, ಕೂರುವ ಎತ್ತರ, ಕಾಲು ಇಡುವ ಹಲಗೆಯ ಉದ್ದ, ಎಲ್ಲವೂ ಅಂಗುಲ ಅಂಗುಲವಾಗಿ.

ಸಮಿತಿಯ ಸಭೆಯಲ್ಲಿ ಪ್ರಿನ್ಸಿಪಾಲರ ಕಣ್ಣೆಲ್ಲ ಕಟ್ಟಡದ ಮುಂಭಾಗಕ್ಕೆ ಹೊದಿಸಬೇಕಿದ್ದ ಗಾಜಿನ ಮೇಲೆ. ಇದ್ದ ಹಣದಲ್ಲಿ ಗಾಜು, ಲಿಫ್ಟು ಎರಡೂ ಆಗುವ ಮಾತಾಗಿರಲಿಲ್ಲ.

"ಗಾಲಿಕುರ್ಚಿಯವರು ಇಲ್ಲಿವರೆಗೆ ಒಬ್ಬರೂ ಸೇರಿಲ್ಲವಲ್ಲ," ಎಂದರು ಪ್ರಿನ್ಸಿಪಾಲರು.

"ಮೆಟ್ಟಿಲು ನೋಡಿ ವಾಪಸು ಹೋದವರೆಷ್ಟು ಅಂತ ಯಾರು ಬರೆದಿಟ್ಟಿದ್ದಾರೆ ಸರ್?" ಎಂದಳು ಎಂಜಿನಿಯರಮ್ಮ.

ಮೂಲೆಯಲ್ಲಿ ನಡಾವಳಿ ಬರೆಯುತ್ತಿದ್ದ ಗುಮಾಸ್ತರ ಪೆನ್ನು ನಿಂತಿತು. ಪ್ರಿನ್ಸಿಪಾಲರು ಅತ್ತ ತಿರುಗಿದರು. "ಏನ್ರೀ, ಇದು ನಿಮ್ಮ ಸ್ವಂತದ ವಿಷಯ ಅಂತ ಸುದ್ದಿ."

ಗುಮಾಸ್ತರು ಎದ್ದು ನಿಂತರು. "ನನ್ನದೇ ಅಂದ್ಕೊಳ್ಳಿ ಸರ್. ಮೂವತ್ತು ವರ್ಷದಲ್ಲಿ ಏನೂ ಕೇಳಿಲ್ಲ. ಇದೊಂದು ಮಾಡಿಕೊಡಿ."

ಎಂಜಿನಿಯರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಗಾಜು ಬಿಡೋಣ. ಲಿಫ್ಟ್ ಶುರುವಾದ ದಿನ ಆ ಹುಡುಗಿಯನ್ನ ನಾನೇ ಮೇಲೆ ಕರ್ಕೊಂಡು ಹೋಗ್ತೀನಿ. ಇದು ನನ್ನ ಮಾತು."

ಗುಮಾಸ್ತರು ಏನೋ ಹೇಳಲು ಬಾಯಿ ತೆರೆದರು. ಮತ್ತೆ ಕೂತು, ಆ ಮಾತನ್ನೂ ನಡಾವಳಿಯಲ್ಲಿ ಬರೆದುಕೊಂಡರು.

ಎಂಟು ತಿಂಗಳು ಕಾಲೇಜು ಧೂಳು ಕುಡಿಯಿತು. ಗೋಡೆ ಕೊರೆದರು, ಬಾಗಿಲು ತಿರುಗಿಸಿದರು, ಮುಂಬಾಗಿಲಿಗೆ ಇಳಿಜಾರು ಹಾದಿ ಕಟ್ಟಿದರು. ಊಟದ ಬಿಡುವಿನಲ್ಲಿ ಗುಮಾಸ್ತರು ಬಂದು ನೋಡಿಕೊಂಡು ಹೋಗುತ್ತಿದ್ದರು. ಲಿಫ್ಟಿನ ಬಾಗಿಲು ಕೂರಿಸಿದ ತಿಂಗಳೇ ನಿವೃತ್ತರಾದರು.

ಲಿಫ್ಟ್ ಶುರುವಾಗುವ ದಿನ ಎಂಜಿನಿಯರಮ್ಮ ಒಂಬತ್ತಕ್ಕೇ ಬಂದು ಇಳಿಜಾರಿನ ತುದಿಯಲ್ಲಿ ಕಾದಳು. ಹತ್ತೂವರೆಗೆ ಗುಮಾಸ್ತರು ಬಂದರು. ಜೊತೆಯಲ್ಲಿ ಒಬ್ಬ ಸಣಕಲು ಹೆಂಗಸು. ಹುಡುಗಿ ಇರಲಿಲ್ಲ. ಗುಮಾಸ್ತರು ಗೇಟಿನ ಬಳಿಯೇ ನಿಂತುಬಿಟ್ಟರು. ಹೆಂಗಸು ಒಬ್ಬಳೇ ಕಂಬಿ ಹಿಡಿದು, ನಿಧಾನವಾಗಿ ಇಳಿಜಾರು ಹತ್ತಿ ಬಂದಳು.

"ಮಗಳೆಲ್ಲಿ ತಾಯಿ?"

"ಹೋಗಿ ನಾಲ್ಕು ವರ್ಷ ಆಯ್ತಮ್ಮ. ಜ್ವರ ಅಂತ ಮಲಗಿದವಳು ಏಳಲಿಲ್ಲ. ಕುರ್ಚಿ ಇನ್ನೂ ಮನೇಲೇ ಇದೆ. ಅದನ್ನೇ ಅಳೆದುಕೊಂಡು ಬಂದರು."

ಎಂಜಿನಿಯರಮ್ಮನಿಗೆ ಮೋಸಹೋದೆ ಎಂಬ ಸಿಟ್ಟು ಉಕ್ಕಿತು. ಎದುರಿನ ಮುಖ ನೋಡಿ ಅದು ಬಂದಷ್ಟೇ ಬೇಗ ಇಂಗಿಹೋಯಿತು. ಸಮಾರಂಭಕ್ಕೆಂದು ಪಕ್ಕದಲ್ಲೇ ನಿಂತಿದ್ದ ಪ್ರಿನ್ಸಿಪಾಲರಿಗೂ ಕೇಳಿಸಿರಬೇಕು, ಗಡಿಯಾರ ನೋಡಿಕೊಳ್ಳುವುದನ್ನು ಬಿಟ್ಟು ತಲೆ ತಗ್ಗಿಸಿದರು.

ಹೆಂಗಸರಿಬ್ಬರೇ ಲಿಫ್ಟಿನಲ್ಲಿ ಹೋದರು. ಗುಂಡಿ ಒತ್ತಲು ತಾಯಿ ಸ್ವಲ್ಪ ಬಗ್ಗಬೇಕಾಯಿತು. ಮೇಲೆ ತರಗತಿಯಲ್ಲಿ ಉದ್ದನೆಯ ಮೇಜು, ಪುಟ್ಟ ದೀಪಗಳು, ಬಿಚ್ಚಿಟ್ಟ ಗಡಿಯಾರಗಳು. ಕಿಟಕಿಯ ಪಕ್ಕದ ಜಾಗದಲ್ಲಿ ಆಕೆ ಒಂದು ಗಳಿಗೆ ಕೂತು, ಮೇಜನ್ನು ಅಂಗೈಯಿಂದ ಸವರಿದಳು. "ಇಲ್ಲೇ ಕೂರ್ತಿದ್ದಳು ಅನ್ಸುತ್ತೆ. ಅವಳಿಗೆ ಬೆಳಕು ಬೇಕು."

ಎಂಜಿನಿಯರಮ್ಮ ಕಣ್ಣೊರೆಸಿಕೊಂಡು ಕೆಳಗೆ ನೋಡಿದಳು. ಗುಮಾಸ್ತರು ಇನ್ನೂ ಗೇಟಿನ ಬಳಿ, ಸುಡುಬಿಸಿಲಿನಲ್ಲಿ.

"ನಿಮ್ಮ ಯಜಮಾನರೂ ಮೇಲೆ ಬರಬಹುದಿತ್ತು ತಾಯಿ. ಮಗಳಿಗೋಸ್ಕರ ಇಷ್ಟೆಲ್ಲ ಮಾಡಿದ ಅಪ್ಪ."

ತಾಯಿ ಕಿಟಕಿಯಿಂದ ಬಗ್ಗಿ ನೋಡಿದಳು. ಮಾತಿನಲ್ಲಿ ಸಿಟ್ಟಿರಲಿಲ್ಲ.

"ಅವರು ಅಪ್ಪ ಅಲ್ಲಮ್ಮ. ಏನೇನು ಬೇಕು ಅಂತ ಅವಳು ಬರೆದುಕೊಟ್ಟ ಅರ್ಜಿನ ಮೂರು ಸಲವೂ ವಾಪಸು ಕೊಟ್ಟ ಗುಮಾಸ್ತರು."